ಗೋಗಿಯಲ್ಲಿ ಯುರೇನಿಯಂ ಗಣಿ ಬಂದರೆ ಅದರ ಕಸದ ಮೇಲೆ ಹೊರದೇಶದವರ ನಿಗಾ ಇರುತ್ತದೆಯೇ?

ನೀವು ಎರಡು ವಿಷಯ ಕೇಳಿದ್ದೀರಿ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಗಣಿ ಶುರುವಾದರೆ ಅದರ ವಿಕಿರಣ ತ್ಯಾಜ್ಯದ ಮೇಲೆ ಅಂತರರಾಷ್ಟ್ರೀಯ ಸಂಸ್ಥೆಗಳ ಕಣ್ಣು ಇರುತ್ತದೆಯೇ? ಗಣಿ ಮುಗಿದ ಮೇಲೆ ಬೇರೆ ದೇಶದ ಅಣುತ್ಯಾಜ್ಯ ತಂದು ಅದೇ ಗುಂಡಿಯಲ್ಲಿ ಹೂಳುತ್ತಾರಂತೆ, ನಿಜವೇ?

ನನ್ನ ಊರು ಶಹಾಪುರ ತಾಲ್ಲೂಕು. ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ನಮ್ಮ ಕಡೆ ಜನರ ನಿದ್ದೆ ಕೆಡಿಸಿರುವುದು ಅದೇ.

ಅದು ಬರೀ ಗಾಳಿಸುದ್ದಿ. ವಿಕಿರಣ ತ್ಯಾಜ್ಯ ಎಲ್ಲಿ ಹುಟ್ಟಿತೋ ಸಾಧ್ಯವಾದಷ್ಟು ಅದೇ ದೇಶದಲ್ಲಿ ವಿಲೇವಾರಿ ಆಗಬೇಕು ಅನ್ನುವುದು ಈಗ ಜಗತ್ತು ಒಪ್ಪಿಕೊಂಡಿರುವ ರೀತಿ. ಫಿನ್‌ಲೆಂಡ್ ತನ್ನದನ್ನು ಒಲ್ಕಿಲುವೊತೊ ಎಂಬಲ್ಲಿ, ಸುಮಾರು 430 ಮೀಟರ್ ಆಳದ ಗಟ್ಟಿ ಬಂಡೆಯೊಳಗೆ, ತಾಮ್ರದ ಡಬ್ಬಿಗಳಲ್ಲಿಟ್ಟು ಜೇಡಿಮಣ್ಣು ಮೆತ್ತಿ ಹೂಳಲು ಸಿದ್ಧತೆ ಮಾಡಿಕೊಂಡಿದೆ. ಭಾರತ ಬಳಸಿದ ಇಂಧನವನ್ನು ಮರುಸಂಸ್ಕರಿಸುತ್ತದೆ, ಉಳಿಯುವ ತೀವ್ರ ವಿಕಿರಣದ ದ್ರವವನ್ನು ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡಿ ಇಡುತ್ತದೆ. ಅಂಥದ್ದನ್ನು ಹೂಳಬೇಕಾದರೆ ನೀರು ಸುಳಿಯದ ಬಂಡೆ ಬೇಕು. ಗೋಗಿಯ ಯುರೇನಿಯಂ ಕೂತಿರುವುದೋ ಭೂಮಿ ಸೀಳಿದ ಜಾಗದಲ್ಲಿ, ಭೀಮಾ ತೀರದ ಸುಣ್ಣದಕಲ್ಲು ಮತ್ತು ಕೆಳಗಿನ ಗ್ರಾನೈಟ್ ಸೇರುವ ಕಡೆ. ನಾವು ಮನೆ ಅಂಗಳಕ್ಕೆ ಹಾಸುವ ಶಹಾಬಾದ್ ಫರ್ಸಿ ಇದೇ ಕಲ್ಲಿನ ಬಳಗ. (ಫರ್ಸಿಯಲ್ಲಿ ವಿಕಿರಣ ಇದೆ ಎಂದು ಯಾರೂ ಗಾಬರಿಯಾಗಬೇಡಿ, ಯುರೇನಿಯಂ ಇರುವುದು ಆ ಸೀಳಿನ ಗುಂಟ ಮಾತ್ರ.) 2012ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೂಡಂಕುಳಂ ತ್ಯಾಜ್ಯ ತರುತ್ತಾರೆಂದು ದೊಡ್ಡ ಪ್ರತಿಭಟನೆಯೇ ನಡೆದಿತ್ತು. ಅಂದಿನಿಂದ ರಾಜ್ಯದಲ್ಲಿ ಎಲ್ಲಿ ಗಣಿ ಎಂದರೂ ಈ ಮಾತು ಹಿಂದೆಯೇ ಬರುತ್ತದೆ.

ಗೋಗಿಯ ಮಟ್ಟಿಗೆ ಚಿಂತೆ ಮಾಡಬೇಕಾದ ತ್ಯಾಜ್ಯ ಹೊರಗಿನಿಂದ ಬರುವುದಲ್ಲ, ಅಲ್ಲೇ ಹುಟ್ಟುವುದು. ಅಲ್ಲಿನ ಅದಿರು ಭಾರತದ ಲೆಕ್ಕದಲ್ಲಿ ಉತ್ತಮ ದರ್ಜೆಯದು, ಆದರೂ ನೂರು ಕಿಲೋ ಕಲ್ಲಿನಲ್ಲಿ ಇನ್ನೂರು ಗ್ರಾಂ ಯುರೇನಿಯಂ ಸಹ ಇಲ್ಲ. ಉಳಿದದ್ದೆಲ್ಲ ಪುಡಿಯಾಗಿ, ರಾಡಿಯಾಗಿ ಒಂದು ಕೊಳಕ್ಕೆ ಹೋಗುತ್ತದೆ. ಕುಸುಬಿ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿದಂತೆ. ಅದಿರಿನ ಒಟ್ಟು ವಿಕಿರಣದಲ್ಲಿ ನೂರಕ್ಕೆ ಸುಮಾರು 85 ಪಾಲು ಈ ರಾಡಿಯಲ್ಲೇ ಉಳಿಯುತ್ತದೆ ಅನ್ನುವುದು ಹೆಚ್ಚಿನವರಿಗೆ ತಿಳಿದಿಲ್ಲ. ಅದಿರು ಅರೆಯುವ ಗಿರಣಿ ತೆಗೆದುಕೊಳ್ಳುವುದು ಯುರೇನಿಯಂ ಒಂದನ್ನೇ. ಅದರಿಂದ ಹುಟ್ಟಿದ ಥೋರಿಯಂ-230, ರೇಡಿಯಂ-226 ಹಿಂದೆ ಉಳಿಯುತ್ತವೆ. ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 1600 ವರ್ಷ, ಥೋರಿಯಂನದು ಸುಮಾರು 75 ಸಾವಿರ ವರ್ಷ. ಗೋಗಿಯ ದರ್ಗಾದ ಹತ್ತಿರ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿವೆಯಲ್ಲ, ಅವಕ್ಕೆ ಆಗಿರುವುದು ಐನೂರು ವರ್ಷ. ಆ ಕೊಳವನ್ನು ಅದಕ್ಕಿಂತ ಎಷ್ಟೋ ಕಾಲ ಕಾಯಬೇಕು.

ಈಗ ನಿಮ್ಮ ಮೊದಲ ಪ್ರಶ್ನೆ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಸೋವಿಯತ್ ಒಕ್ಕೂಟ ಯಾರಿಗೂ ಹೇಳಿರಲಿಲ್ಲ. ಎರಡು ದಿನದ ಮೇಲೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಮಾಪಕಗಳು ಕೂಗಿಕೊಂಡಾಗ ಜಗತ್ತಿಗೆ ಅನುಮಾನ ಬಂತು. ಅದೇ ವರ್ಷ, ಅಪಘಾತವಾದರೆ ಬೇಗ ತಿಳಿಸಬೇಕೆಂಬ ಒಪ್ಪಂದ ಆಯಿತು. 1994ರಲ್ಲಿ ಅಣುಸುರಕ್ಷತಾ ಒಡಂಬಡಿಕೆ, 1997ರಲ್ಲಿ ಬಳಸಿದ ಇಂಧನ ಮತ್ತು ವಿಕಿರಣ ತ್ಯಾಜ್ಯದ ಜಂಟಿ ಒಡಂಬಡಿಕೆ ಬಂದವು. ಕೊನೆಯ ಈ ಎರಡು ಒಡಂಬಡಿಕೆಗಳಲ್ಲಿ ಪೊಲೀಸರಿಲ್ಲ, ದಂಡವಿಲ್ಲ. ಪ್ರತಿ ಮೂರು ವರ್ಷಕ್ಕೊಮ್ಮೆ, ಸೇರಿದ ಪ್ರತಿ ದೇಶ ತನ್ನ ವರದಿ ಬರೆದು ಕೊಡಬೇಕು, ಉಳಿದ ದೇಶಗಳವರು ಅದನ್ನು ಓದಿ ಪ್ರಶ್ನೆ ಕಳಿಸುತ್ತಾರೆ, ವಿಯೆನ್ನಾದಲ್ಲಿ ಎದುರಿಗೆ ಕೂತು ಉತ್ತರ ಕೊಡಬೇಕು. ಇಷ್ಟೇನಾ ಎಂದು ಅನಿಸಬಹುದು. ಆದರೆ ಬರೆದು ಕೊಟ್ಟ ಮಾತನ್ನು ಮೂರು ವರ್ಷದ ಮೇಲೆ ಯಾರೋ ತೆಗೆದು ಕೇಳುತ್ತಾರೆ ಎಂದು ಗೊತ್ತಿದ್ದರೆ ಅಧಿಕಾರಿಗಳು ಕೆಲಸ ಮಾಡುವ ರೀತಿಯೇ ಬೇರೆ.

ನಮ್ಮ ಸಮಸ್ಯೆ ಇಲ್ಲೇ ಇದೆ. ಭಾರತ 2005ರಲ್ಲಿ ಅಣುಸುರಕ್ಷತಾ ಒಡಂಬಡಿಕೆಗೆ ಸೇರಿತು, ಆದರೆ ಅದು ವಿದ್ಯುತ್ ಸ್ಥಾವರಗಳಿಗೆ ಮಾತ್ರ. ಕೈಗಾಕ್ಕೆ ಅನ್ವಯಿಸುತ್ತದೆ, ಗೋಗಿಗೆ ಇಲ್ಲ. ಯುರೇನಿಯಂ ಗಿರಣಿಯ ರಾಡಿಯನ್ನೂ ಒಳಗೊಳ್ಳುವುದು ಜಂಟಿ ಒಡಂಬಡಿಕೆ. ಅದಕ್ಕೆ ಭಾರತ ಸೇರಿಲ್ಲ. ಅಂದರೆ ನಮ್ಮ ಜಿಲ್ಲೆಗೆ ಬೇಕಾದ ಬಾಗಿಲೇ ಮುಚ್ಚಿದೆ. ಭಾರತ ಅದಕ್ಕೆ ಸಹಿ ಹಾಕಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಣುಸ್ಥಾವರ ಬೇಡ ಅನ್ನುವವನಲ್ಲ ನಾನು. ಬೇಕು ಅನ್ನುವವರೇ ಇದನ್ನು ಮೊದಲು ಕೇಳಬೇಕು.

ಹೊರಗಿನವರು ಬಂದು ನೋಡಿದರೆ ಏನೂ ಆಗುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ. 2015ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರ ತಂಡ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಕೆಲಸ ಪರಿಶೀಲಿಸಿತು. ಭಾರತ ಸರ್ಕಾರವೇ ಕರೆಸಿದ್ದ ತಂಡ ಅದು. ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಬೇಕು, ದೇಶಕ್ಕೊಂದು ವಿಕಿರಣ ತ್ಯಾಜ್ಯ ನೀತಿ ಪ್ರಕಟಿಸಬೇಕು ಎಂದು ಹೇಳಿ ಹೋಯಿತು. 1983ರಲ್ಲಿ ಹುಟ್ಟಿದ ಮಂಡಳಿಗೆ ಶಾಸನದ ಸ್ಥಾನ ಕೊಡುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರ ಡಿಸೆಂಬರ್‌ನಲ್ಲಿ. ತಡವಾಯಿತು, ನಿಜ. ಆದರೂ ಲಿಖಿತ ಶಿಫಾರಸು ಸಾಯುವುದಿಲ್ಲ.

ಕಿರ್ಗಿಸ್ತಾನದ ಮೈಲೂಸೂ ಕಥೆ ನಮ್ಮವರೆಲ್ಲ ಓದಬೇಕು. ಸೋವಿಯತ್ ಕಾಲದಲ್ಲಿ ಅಲ್ಲಿ ಯುರೇನಿಯಂ ತೆಗೆದು, ಇಪ್ಪತ್ತಕ್ಕೂ ಹೆಚ್ಚು ರಾಡಿ ಗುಡ್ಡೆಗಳನ್ನು ನದಿಯ ದಂಡೆಯಲ್ಲೇ ಬಿಟ್ಟು ಹೋದರು. 1958ರಲ್ಲಿ ಒಂದು ಒಡ್ಡು ಒಡೆದು ಲಕ್ಷಾಂತರ ಘನ ಮೀಟರ್ ರಾಡಿ ನದಿಗೆ ಬಿತ್ತು. ಆ ನದಿ ಫರ್ಗಾನಾ ಬಯಲಿನ ಹೊಲಗಳಿಗೆ ನೀರುಣಿಸುತ್ತದೆ, ಗಡಿ ದಾಟಿದರೆ ಉಜ್ಬೇಕಿಸ್ತಾನ. ಗುಡ್ಡ ಜರಿದರೆ ಮತ್ತೆ ಹಾಗೇ ಆಗಬಹುದೆಂಬ ಭಯ ಇವತ್ತಿಗೂ ಇದೆ. ಶುಚಿ ಮಾಡಲು ಆ ಬಡ ದೇಶದ ಹತ್ತಿರ ಹಣ ಎಲ್ಲಿಂದ ಬರಬೇಕು? ಕೊನೆಗೆ 2012ರಲ್ಲಿ ಅಣುಶಕ್ತಿ ಸಂಸ್ಥೆ ಇಂಥ ಹಳೆಯ ಗಣಿಗಳಿಗೆಂದೇ ಒಂದು ಸಮನ್ವಯ ಗುಂಪು ಕಟ್ಟಿತು, 2015ರಲ್ಲಿ ಯುರೋಪಿಯನ್ ಒಕ್ಕೂಟದ ಹಣದಿಂದ ಮಧ್ಯ ಏಷ್ಯಾಕ್ಕೆ ಒಂದು ನಿಧಿ ಶುರುವಾಯಿತು. ಅಲ್ಲಿನ ಶೆಕಾಫ್ತಾರ್, ಮಿನ್‌ಕುಶ್ ಊರುಗಳ ಕಸವನ್ನು ಆ ಹಣದಲ್ಲಿ ತೆಗೆಸಿದ್ದಾರೆ. ಕೆಲವು ವರ್ಷ ತೆಗೆದ ಅದಿರಿಗೆ ಅರ್ಧ ಶತಮಾನ ಕಳೆದ ಮೇಲೆ ಬೇರೆ ದೇಶಗಳು ದುಡ್ಡು ಕೊಡಬೇಕಾಯಿತು. ಗೋಗಿಯ ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ, ಎರಡೂ ಕೂಡಿ ತೆಲಂಗಾಣಕ್ಕೆ ಹೋಗುತ್ತವೆ. ಮುಂದಿನದನ್ನು ನೀವೇ ಊಹಿಸಿ.

ಮನೆಯೊಳಗಿನ ಬಾಗಿಲೂ ಕಿರಿದಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜಗಳ ಗಣಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ ಎಂದು ಆದೇಶಿಸಿತು. ಇದು ನನಗೆ ಬಹಳ ನೋವು ಕೊಟ್ಟ ವಿಷಯ. ಊರಿಗೆ ಹೋದಾಗ ಒಬ್ಬ ಕಾಕಾ ಕೇಳಿದ್ದರು, “ಮಾಸ್ತರ್ರ, ಉಳದದ್ದೆಲ್ಲಾ ಬಿಡ್ರಿ, ಈ ಬೋರಿನ ನೀರ ದನಕ್ಕ ಕುಡಸಬೇಕೋ ಬ್ಯಾಡೋ ಅಷ್ಟ ಹೇಳ್ರಿ.” ಅಂಥ ಪ್ರಶ್ನೆಯನ್ನು ಅಧಿಕಾರಿಗಳ ಮುಂದೆ ಕೇಳಲು ಆ ಸಭೆ ಒಂದೇ ಜಾಗವಿತ್ತು.

ಹಾಗಾಗಿ ಈಗಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಗೋಗಿಯಲ್ಲಿ ಇದುವರೆಗೆ ನಡೆದಿರುವುದು ಅನ್ವೇಷಣೆ, ವಾಣಿಜ್ಯ ಉತ್ಪಾದನೆ ಶುರುವಾಗಿಲ್ಲ. ಅಷ್ಟರೊಳಗೆ ಸುತ್ತಲ ಹಳ್ಳಿಗಳ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ ಇಡಿ. ಇಂಥ ನೆಲದಲ್ಲಿ ಗಣಿ ಇಲ್ಲದೆಯೂ ನೀರಿನಲ್ಲಿ ಯುರೇನಿಯಂ ಇರಬಹುದು. ಮೊದಲೇ ಎಷ್ಟಿತ್ತು ಎಂಬ ದಾಖಲೆ ಇಲ್ಲದಿದ್ದರೆ ನಾಳೆ ಹೆಚ್ಚಾದರೂ “ಇದು ನಿಮ್ಮ ನೆಲದ ಗುಣ” ಎಂದುಬಿಡುತ್ತಾರೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ನಮ್ಮ ಅಣುಶಕ್ತಿ ಮಂಡಳಿ ಇಟ್ಟಿದ್ದು 60. ವರದಿಯಲ್ಲಿ ಯಾವ ಮಿತಿಗೆ ಹೋಲಿಸಿದ್ದಾರೆ ಎಂದು ನೋಡಿಕೊಳ್ಳಿ. ಬೇಸಿಗೆಗೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಮಾಡಿಸಿ, ಪ್ರತಿಗಳನ್ನು ಗ್ರಾಮ ಪಂಚಾಯಿತಿಯ ಠರಾವಿನ ಜೊತೆ ಸೇರಿಸಿ. ಯುರೇನಿಯಂ ಒಂದನ್ನೇ ನೋಡಿ ಬಿಡಬೇಡಿ, ರೇಡಿಯಂ-226, ಸೋಡಿಯಂ, ಸಲ್ಫೇಟ್ ಕೂಡ ಬರೆಸಿ. ಸುಣ್ಣದಕಲ್ಲಿನ ಅದಿರು ಆಮ್ಲವನ್ನು ನುಂಗಿಬಿಡುತ್ತದೆ, ಅದಕ್ಕೆ ಕಡಪ ಜಿಲ್ಲೆಯ ತುಮ್ಮಲಪಲ್ಲಿಯಲ್ಲಿ ಮಾಡುವಂತೆ ಸೋಡಿಯಂ ಕಾರ್ಬೊನೇಟಿನ ಕ್ಷಾರ ಪದ್ಧತಿ ಬಳಸಬೇಕಾಗುತ್ತದೆ. ಕೊಳ ಸೋರಿದರೆ ರೇಡಿಯಂಗಿಂತ ಮೊದಲು ಬಾವಿಗೆ ಬಂದು ಮುಟ್ಟುವುದು ಈ ಲವಣಗಳೇ.