ಚರ್ಮದಡಿಯ ಸೆನ್ಸರ್ ವರ್ಷಗಟ್ಟಲೆ ಬಾಳುವುದೇ?

ಪ್ರಶ್ನೆ: ನನ್ನ 14 ವರ್ಷದ ಮಗಳಿಗೆ ಟೈಪ್ 1 ಮಧುಮೇಹವಿದೆ. ತೋಳಿಗೆ ಅಂಟಿಸುವ ಸೆನ್ಸರನ್ನು ಎರಡು ವಾರಕ್ಕೊಮ್ಮೆ ಬದಲಿಸುತ್ತೇವೆ. ಚರ್ಮದ ಒಳಗೇ ಇರಿಸುವ ಸೆನ್ಸರ್ ಬಂದಿದೆಯಂತೆ, ನಿಜವೇ? ಎದೆಯೊಳಗಿನ ಪೇಸ್‌ಮೇಕರ್ ಎಷ್ಟೋ ವರ್ಷ ಬಾಳುವಾಗ ಸಕ್ಕರೆ ಅಳೆಯುವ ಸೆನ್ಸರ್ ಏಕೆ ಬಾಳುವುದಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಈ ಸಂಶೋಧನೆಯ ಇಡೀ ಕಷ್ಟ ಅಡಗಿರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಅಂಗಾಲಿನಲ್ಲಿ ಮುರಿದು ಉಳಿದ ಮುಳ್ಳಿನ ಸುತ್ತ ಕೆಲವು ವಾರಗಳಲ್ಲಿ ಗಟ್ಟಿಯಾದ ಗಂಟು ಕಟ್ಟುವುದನ್ನು ನೀವು ನೋಡಿರಬಹುದು. ಸೆನ್ಸರಿಗೂ ದೇಹ ಮಾಡುವುದು ಅದನ್ನೇ: ಮೊದಲು ಪ್ರೋಟೀನುಗಳು ಬಂದು ಅಂಟುತ್ತವೆ, ಹಿಂದೆಯೇ ರಕ್ಷಣಾ ಕೋಶಗಳು ಮುತ್ತುತ್ತವೆ, ಕೊನೆಗೆ ರಕ್ತನಾಳಗಳು ವಿರಳವಾದ ನಾರಿನ ಗೂಡೊಂದು ಅದನ್ನು ಸುತ್ತುವರಿಯುತ್ತದೆ. ಪೇಸ್‌ಮೇಕರ್‌ಗೆ ಬೇಕಾದದ್ದು ವಿದ್ಯುತ್ ಸಂಕೇತ ಮಾತ್ರವಾದ್ದರಿಂದ ಅಂಥ ಗೂಡಿನೊಳಗಿದ್ದೂ ಅದು ಕೆಲಸ ಮಾಡಬಲ್ಲದು. ಸಕ್ಕರೆಯ ಸೆನ್ಸರಿಗಾದರೋ ಗ್ಲೂಕೋಸಿನ ಅಣುಗಳೇ ನಡೆದು ಬಂದು ಮುಟ್ಟಬೇಕು, ಆ ದಾರಿಯನ್ನೇ ಗೂಡು ಮುಚ್ಚುತ್ತದೆ.

ಇನ್ನೊಂದು ತೊಡಕು ಆಮ್ಲಜನಕದ್ದು. 1962ರಲ್ಲಿ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿಕೊಟ್ಟ, ಸಕ್ಕರೆ ಅಳೆಯುವ ಮಾರ್ಗದಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸಕ್ಕರೆಯೊಡನೆ ವರ್ತಿಸುವಾಗ ಆಮ್ಲಜನಕವನ್ನೂ ಬಳಸಿಕೊಳ್ಳುತ್ತದೆ. ಆದರೆ ಚರ್ಮದಡಿಯಲ್ಲಿ ಗ್ಲೂಕೋಸಿಗಿಂತ ಆಮ್ಲಜನಕ ಎಷ್ಟೋ ಕಡಿಮೆ. ಸಾಲದೆಂದು ಕಿಣ್ವವೂ ದಿನಕಳೆದಂತೆ ಸವೆಯುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಡೇವಿಡ್ ಗಾಫ್ ಅವರ ತಂಡ, ಕಿಣ್ವವಿರುವ ಮತ್ತು ಕಿಣ್ವವಿಲ್ಲದ ಎರಡು ವಿದ್ಯುದ್ವಾರಗಳ ನಡುವಿನ ಆಮ್ಲಜನಕದ ವ್ಯತ್ಯಾಸದಿಂದ ಸಕ್ಕರೆಯನ್ನು ಲೆಕ್ಕಹಾಕಿ, ಹಂದಿಯೊಂದರಲ್ಲಿ 500ಕ್ಕೂ ಹೆಚ್ಚು ದಿನ ಸೆನ್ಸರನ್ನು ನಡೆಸಿದ್ದನ್ನು 2010ರಲ್ಲಿ ಪ್ರಕಟಿಸಿತು. ದೇಹದ ವಿರೋಧವನ್ನು ದಾಟಬಹುದೆಂಬ ಧೈರ್ಯ ಕೊಟ್ಟ ಕೆಲಸವದು.

ಈಗ ಬಳಕೆಗೆ ಬಂದಿರುವ, ಚರ್ಮದಡಿ ಇರಿಸುವ ಎವರ್‌ಸೆನ್ಸ್ ಎಂಬ ಸೆನ್ಸರ್ ಕಿಣ್ವವನ್ನೇ ಕೈಬಿಟ್ಟಿದೆ. ಸುಮಾರು 18 ಮಿಲಿಮೀಟರ್ ಉದ್ದದ, ಮಾತ್ರೆಯ ಕ್ಯಾಪ್ಸೂಲಿಗಿಂತ ತೆಳ್ಳಗಿನ ಈ ಕೊಳವೆಯ ಹೊರಮೈಯ ಪಾಲಿಮರ್, ಗ್ಲೂಕೋಸ್ ಬಂದು ಸೇರಿದಷ್ಟೂ ಹೆಚ್ಚು ಹೊಳೆಯುತ್ತದೆ. ಒಳಗಿನ ಪುಟ್ಟ ದೀಪ ಅದನ್ನು ಬೆಳಗಿಸಿದಾಗ ಹೊಮ್ಮುವ ಹೊಳಪೇ ಸಕ್ಕರೆಯ ಅಳತೆ. ಜೊತೆಗೊಂದು ಉಂಗುರದಿಂದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹನಿಹನಿಯಾಗಿ ಒಸರುತ್ತಾ ಸುತ್ತಲಿನ ಉರಿಯೂತವನ್ನು ತಣಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ 2018ರಲ್ಲಿ 90 ದಿನಗಳಿಗೆ, 2022ರಲ್ಲಿ 180 ದಿನಗಳಿಗೆ, 2024ರಲ್ಲಿ 365 ದಿನಗಳಿಗೆ ಅನುಮತಿ ಸಿಕ್ಕಿತು.

ಆದರೆ ತಾಯಿತಂದೆಯಾಗಿ ನೀವು ಗಮನಿಸಬೇಕಾದದ್ದು, 2024ರ ಆ ಅನುಮತಿ 18 ತುಂಬಿದವರಿಗೆ ಮಾತ್ರ. ಒಳಗಿರಿಸಲೂ ತೆಗೆಯಲೂ ವೈದ್ಯರು ತೋಳನ್ನು ಮರಗಟ್ಟಿಸಿ ಸಣ್ಣ ಕೊಯ್ತ ಹಾಕಬೇಕು. ಸಂದೇಶ ಕಳಿಸುವ ಟ್ರಾನ್ಸ್‌ಮಿಟರನ್ನು ಅದರ ಮೇಲೆ ಹೊರಗಿನಿಂದ ಅಂಟಿಸಿಕೊಂಡೇ ಇರಬೇಕು. ಟೆಟ್ರಾಸೈಕ್ಲಿನ್ ವರ್ಗದ ಔಷಧ ತೆಗೆದುಕೊಂಡರೆ ಅಂಕಿ ತಪ್ಪಾಗಿ ಕೆಳಗಿಳಿಯುವುದೂ ಉಂಟು. ಮಗಳ ಮಟ್ಟಿಗೆ ಸದ್ಯಕ್ಕೆ ಎರಡು ವಾರದ ಸೆನ್ಸರೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಸೆನ್ಸರಿನ ಅಂಕಿಗೂ ಬೆರಳು ಚುಚ್ಚಿ ನೋಡಿದ ಅಂಕಿಗೂ ಕೆಲವೊಮ್ಮೆ ತಾಳೆಯಾಗುವುದಿಲ್ಲ. ಯಾವುದನ್ನು ನಂಬಲಿ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಅಂಟಿಸುವ ಸೆನ್ಸರಾಗಲಿ ಒಳಗಿಡುವುದಾಗಲಿ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಸಕ್ಕರೆ ಅಲ್ಲಿಗೆ ತಲುಪಲು ಕೆಲವು ನಿಮಿಷ ಬೇಕು. ಸಕ್ಕರೆ ನಿಮಿಷಕ್ಕೆ 2 ಮಿಲಿಗ್ರಾಂನಂತೆ ಇಳಿಯುತ್ತಿದ್ದು ಸೆನ್ಸರ್ ಹತ್ತು ನಿಮಿಷ ಹಿಂದಿದ್ದರೆ, ಅದು 85 ಎಂದು ತೋರಿಸುವ ಹೊತ್ತಿಗೆ ರಕ್ತದಲ್ಲಿ 65 ಆಗಿರುತ್ತದೆ. ಆದ್ದರಿಂದ ಪರದೆಯ ಮೇಲೆ ಕೆಳಮುಖ ಬಾಣ ಕಂಡಾಗ, ಅಥವಾ ಬೆವರು, ನಡುಕ, ತಲೆಸುತ್ತು ಬಂದೂ ಅಂಕಿ ಸರಿಯಾಗಿಯೇ ಕಂಡಾಗ, ಕೈ ತೊಳೆದು ಒರೆಸಿಕೊಂಡು ಬೆರಳು ಚುಚ್ಚಿ ನೋಡಿ, ಆ ಅಂಕಿಯಂತೆ ನಡೆದುಕೊಳ್ಳಿ. ಚುಚ್ಚಿ ನೋಡುವ ಸಾಧನ ಕೈಯಳತೆಯಲ್ಲಿ ಇಲ್ಲದಿದ್ದರೆ ಕಾಯದೆ ಗ್ಲೂಕೋಸನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಿಕೊಳ್ಳಿ.