96 ಗಂಟೆ ತರಬೇತಿ, ಒಂದು ತಪ್ಪು ಉತ್ತರ

"ಮೇಡಂ, ರಾಜೀನಾಮೆ ಬರೆದು ಇಟ್ಟಿದ್ದೇನೆ. ಕೊಡೋ ಮುಂಚೆ ಯಾರ ಹತ್ರಾನಾದ್ರೂ ಕನ್ನಡದಲ್ಲಿ ಮಾತಾಡಬೇಕು ಅನ್ನಿಸ್ತು."

ಸುಮಾ (ಹೆಸರು, ಗುರುತು ಬದಲಿಸಿದ್ದೇನೆ) ಸಲಹೆ ಕೇಳಲು ನನ್ನ ಬಳಿ ಬಂದು ಕೂತ ಕೂಡಲೇ ಹೇಳಿದ್ದು ಇದು. ಹಾಸನದ ಕಡೆಯವರು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಇಲ್ಲೇ ಓದಿ, ಆರು ವರ್ಷದಿಂದ ಮಿಡಲ್ ಸ್ಕೂಲ್ ಮಕ್ಕಳಿಗೆ ಅಮೆರಿಕದ ಇತಿಹಾಸ ಕಲಿಸುತ್ತಿದ್ದಾರೆ. ಎರಡು ತಿಂಗಳಿಂದ ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ. ರಾತ್ರಿ ಒಂದರವರೆಗೆ ಪಾಠ ತಯಾರಿ.

ಶುರುವಾದದ್ದು ಒಂದು ಪ್ರಶ್ನೆಯಿಂದ. 1863ರಲ್ಲಿ ಅಧ್ಯಕ್ಷ ಲಿಂಕನ್ ಹೊರಡಿಸಿದ, ಗುಲಾಮರ ವಿಮೋಚನಾ ಘೋಷಣೆಯ ಪಾಠ ನಡೆದಿತ್ತು. ಒಬ್ಬ ಹುಡುಗ ಕೇಳಿದ: "ಆಗ ನಮ್ಮ ನ್ಯೂಜೆರ್ಸಿಯಲ್ಲೂ ಗುಲಾಮರಿದ್ರಾ?" ಸುಮಾ ಥಟ್ಟನೆ, "ಇಲ್ಲ, ಇದು ಉತ್ತರದ ರಾಜ್ಯ, ಗುಲಾಮಗಿರಿ ಇದ್ದದ್ದು ದಕ್ಷಿಣದಲ್ಲಿ" ಅಂದುಬಿಟ್ಟರು.

ಉತ್ತರ ತಪ್ಪು. 1804ರಲ್ಲಿ ಇಲ್ಲಿ ಬಂದ ಕಾನೂನು ಗುಲಾಮಗಿರಿಯನ್ನು ಒಂದೇ ಏಟಿಗೆ ತೆಗೆಯಲಿಲ್ಲ. ಆ ವರ್ಷದ ಜುಲೈ 4ರ ನಂತರ ಹುಟ್ಟಿದ ಮಕ್ಕಳು ಸ್ವತಂತ್ರರು ಎಂದಿತು. ಆದರೆ ಹೆಣ್ಣಾದರೆ 21, ಗಂಡಾದರೆ 25 ವರ್ಷದವರೆಗೆ ತಾಯಿಯ ಒಡೆಯನಿಗೇ ದುಡಿಯಬೇಕಿತ್ತು. 1846ರ ಕಾನೂನು ಉಳಿದವರನ್ನು 'ಜೀವಮಾನದ ಅಪ್ರೆಂಟಿಸ್' ಎಂದು ಕರೆಯಿತು. ಹೆಸರು ಬದಲಾಯಿತು, ಬಾಳು ಬದಲಾಗಲಿಲ್ಲ. 1860ರ ಜನಗಣತಿಯಲ್ಲಿ ಅಂಥ 18 ಜನ ಇನ್ನೂ ಇದ್ದರು. ಅವರಲ್ಲಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.

ಮರುದಿನ ಒಬ್ಬ ಪೋಷಕರು ಇಮೇಲ್ ಬರೆದರು. ತಪ್ಪು ತೋರಿಸಿದ್ದು ಸರಿಯೇ. ಆದರೆ ಕೊನೆಯಲ್ಲಿ, ಈ ದೇಶದಲ್ಲಿ ಬೆಳೆಯದವರು ಇದನ್ನು ಕಲಿಸಬೇಕಾ ಎಂಬ ಮಾತೂ ಇತ್ತು. ಆ ಸಾಲು ಸುಮಾ ಅವರ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ಎರಡನೇ ಭೇಟಿಯಲ್ಲಿ ಅವರು ಒಂದು ಫೈಲ್ ತಂದರು. ಪೂರ್ತಿ ತರಬೇತಿ ಸರ್ಟಿಫಿಕೇಟ್‌ಗಳು. ನ್ಯೂಜೆರ್ಸಿಯಲ್ಲಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 20 ಗಂಟೆ ವೃತ್ತಿ ತರಬೇತಿ ಪಡೆಯಬೇಕು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದೇ ವರ್ಷದಲ್ಲಿ 96 ಗಂಟೆ! ಸಂಜೆ ವೆಬಿನಾರ್, ರಜೆಯಲ್ಲಿ ಸೆಮಿನಾರ್. ಕ್ರಾಂತಿ, ಅಂತರ್ಯುದ್ಧ, ನಾಗರಿಕ ಹಕ್ಕು, ಒಂದನ್ನೂ ಬಿಟ್ಟಿಲ್ಲ.

"ಇದರಲ್ಲಿ ಕ್ಲಾಸಿಗೆ ತಗೊಂಡು ಹೋಗಿದ್ದು ಎಷ್ಟು?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. "ಮುಂದಿನದು ಮುಗಿದ ಮೇಲೆ ಶುರು ಮಾಡೋಣ ಅಂತಲೇ ಇದ್ದೆ" ಅಂದರು, ಕಣ್ಣು ತುಂಬಿಕೊಂಡು.

ನನಗೆ ಅಲ್ಲಿ ಗಂಟು ಕಾಣಿಸಿತು. ತಮಗೆ ಹಕ್ಕಿಲ್ಲ ಎಂಬ ಅಳುಕನ್ನು ಅವರು ತರಬೇತಿಯಿಂದ ಮುಚ್ಚುತ್ತಿದ್ದರು. ಎಷ್ಟು ಕಲಿತರೂ ಆ ಅಳುಕು ಕರಗುತ್ತಿರಲಿಲ್ಲ. ನಮ್ಮ ಕಡೆಯ ಶಿಕ್ಷಕಿಯರಲ್ಲಿ ಇದನ್ನು ನಾನು ಜಾಸ್ತಿ ನೋಡುತ್ತೇನೆ. ಟೀಚರ್‌ಗೆ ಎಲ್ಲ ಗೊತ್ತಿರಬೇಕು ಅಂತಲೇ ನಾವೆಲ್ಲ ಬೆಳೆದವರು, ಅಲ್ವಾ?

ಮೊದಲು ಕೇಳಿಕೊಂಡದ್ದು, ಹೊಟ್ಟೆಯ ತೊಂದರೆಗೆ ಡಾಕ್ಟರನ್ನು ಕಾಣಿ, ರಾಜೀನಾಮೆ ಪತ್ರವನ್ನು ಆರು ವಾರ ಮುಟ್ಟಬೇಡಿ ಅಂತ. ಆ ಆರು ವಾರ ಹೊಸ ತರಬೇತಿಯೂ ಬೇಡ. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಬೇಕು. ಇಮೇಲ್‌ಗೆ ಒಬ್ಬರೇ ಉತ್ತರ ಬರೆಯಬೇಡಿ, ಪ್ರಿನ್ಸಿಪಾಲರಿಗೆ ತೋರಿಸಿ ಅಂದೆ. ತಪ್ಪಿಗೆ ಕ್ಷಮೆ ಕೇಳಬಹುದು. ಹುಟ್ಟಿದ ಊರಿಗೆ ಕೇಳಬೇಕಾಗಿಲ್ಲ.

ಆಮೇಲೆ ಕಷ್ಟದ ಕೆಲಸ. ಅದೇ ಕ್ಲಾಸಿಗೆ ಹೋಗಿ, "ನಾನು ಹೇಳಿದ್ದು ತಪ್ಪು" ಅನ್ನಬೇಕು. ಜೊತೆಗೆ 1804ರ ಕಾನೂನನ್ನೇ ಮಕ್ಕಳ ಕೈಗೆ ಕೊಡಬೇಕು. ಲೈಬ್ರರಿ ಆಫ್ ಕಾಂಗ್ರೆಸ್ ಶಿಕ್ಷಕರಿಗೆ ಹೇಳಿಕೊಡುವ ಒಂದು ಸರಳ ಕ್ರಮವನ್ನು ಸುಮಾ ಕಲಿತಿದ್ದರು: ಮೂಲ ದಾಖಲೆಯನ್ನು ಗಮನಿಸು, ಯೋಚಿಸು, ಪ್ರಶ್ನೆ ಕೇಳು. 96 ಗಂಟೆಯಲ್ಲಿ ಇದೊಂದನ್ನೇ ಬಳಸಿ ಅಂದೆ. ಪಕ್ಕದ ಕ್ಲಾಸಿನ ಹಿರಿಯ ಶಿಕ್ಷಕಿಯೊಬ್ಬರನ್ನು ಹಿಂದೆ ಕೂತು ನೋಡಲು ಕರೆಯಿರಿ, ಅಂಕ ಹಾಕೋಕೆ ಅಲ್ಲ, ಪಾಠ ಮುಗಿದ ಮೇಲೆ ಜೊತೆಗೆ ಕಾಫಿ ಕುಡಿಯೋಕೆ.

ನಾಲ್ಕನೇ ಭೇಟಿಯಲ್ಲಿ ಸುಮಾ ತಾವಾಗಿಯೇ ಭಗತ್ ಸಿಂಗ್ ಥಿಂದ್ ವಿಷಯ ತೆಗೆದರು. ಭಾರತದಿಂದ ಬಂದು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆದರೂ 1923ರಲ್ಲಿ ಸುಪ್ರೀಂ ಕೋರ್ಟ್, ಇವರು ಬಿಳಿಯರಲ್ಲ, ಪೌರತ್ವ ಕೊಡಲಾಗದು ಎಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರಲು ದಾರಿ ಮಾಡಿದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲೇ. "ಅವರು ಹೋರಾಡದಿದ್ರೆ ನಾನು ಇಲ್ಲಿರ್ತಿದ್ನಾ ಮೇಡಂ? ಇದು ನನ್ನ ಇತಿಹಾಸ ಅಲ್ಲ ಅಂತ ಹೇಗೆ ಹೇಳ್ಲಿ?" ಅಂದರು. ಅದನ್ನು ನಾನು ಹೇಳಿಕೊಡಲಿಲ್ಲ. ಅವರೇ ಕಂಡುಕೊಂಡದ್ದು.

ಕ್ಲಾಸಿಗೆ ಹೋದ ದಿನ ಕೈ ನಡುಗಿತಂತೆ. ತಪ್ಪು ಒಪ್ಪಿಕೊಂಡಾಗ ಯಾರೂ ನಗಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗ ಕಾನೂನನ್ನು ಎರಡು ಸಲ ಓದಿ, "25 ವರ್ಷ ದುಡಿಯೋದಾದ್ರೆ ಸ್ವತಂತ್ರ ಅಂತ ಯಾಕೆ ಬರೆದ್ರು?" ಅಂದ. ಸುಮಾ ಬೋರ್ಡಿನ ಮೇಲೆ ಆ ಪ್ರಶ್ನೆ ಬರೆದು, "ನನಗೂ ಪೂರ್ತಿ ಗೊತ್ತಿಲ್ಲ, ಹುಡುಕೋಣ" ಅಂದರು. ಅದು ವಾರವಿಡೀ ಬೋರ್ಡಿನ ಮೇಲೇ ಇತ್ತಂತೆ.