ಸ್ಕ್ಯಾನ್‌ನಲ್ಲಿ ಹೊಳೆಯುವುದು ಏನು ಅಂತ ಮೊದಲು ಹೇಳಿ

ನಮಸ್ಕಾರ,

ವಿರಾಜಪೇಟೆಯಿಂದ ನೀವು ಕಳಿಸಿದ ‘ಲಿಂಫೋಮಾ ಪತ್ತೆಗೆ ಯಾವ ಸ್ಕ್ಯಾನ್ ಮೇಲು?’ ಲೇಖನ ಓದಿದೆ (ಲಿಂಫೋಮಾ ಅಂದರೆ ಸಾಮಾನ್ಯವಾಗಿ ದುಗ್ಧರಸ ಗ್ರಂಥಿಗಳಲ್ಲಿ ಕಾಣಿಸುವ ಕ್ಯಾನ್ಸರ್). ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯ ಮಾತ್ರ ಬಿಡುವಂಥದ್ದಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಹಳೆಯ ಗ್ಯಾಲಿಯಂ ಸ್ಕ್ಯಾನ್ ಮತ್ತು ಈಗಿನ ಪೆಟ್-ಸಿಟಿ (ಹೊಳೆಯುವ ಜಾಗ ತೋರಿಸುವ ಪೆಟ್, ಅಂಗಗಳ ರಚನೆ ತೋರಿಸುವ ಸಿಟಿ, ಎರಡೂ ಒಟ್ಟಿಗೆ) ಎರಡನ್ನೂ ಹೋಲಿಸಿ, ಪೆಟ್-ಸಿಟಿಯೇ ಮೇಲು ಅಂದಿದ್ದೀರಿ. ತೀರ್ಪು ಸರಿ. ಆದರೆ ಅದರ ಬಗ್ಗೆ ಇವತ್ತು ಜಗಳ ಎಲ್ಲಿದೆ? ಲಿಂಫೋಮಾ ವೈದ್ಯರು ಬಳಸುವ 2014ರ ಲುಗಾನೊ ವರ್ಗೀಕರಣವೇ ಹಾಡ್ಜ್‌ಕಿನ್ (ಲಿಂಫೋಮಾದ ಒಂದು ಬಗೆ) ಮತ್ತು ಬಹಳಷ್ಟು ಬೇರೆ ಲಿಂಫೋಮಾಗಳ ಹಂತ ಗುರುತಿಸಲು ಪೆಟ್-ಸಿಟಿ ಮಾಡಿ ಅಂದಿದೆ. ಮುಗಿದ ವಾದವನ್ನು ಓದುಗರು ಪುಟಗಟ್ಟಲೆ ಯಾಕೆ ಓದಬೇಕು?

ನಿಮ್ಮ ಲೇಖನದಲ್ಲಿ ಮುಖ್ಯವಾದ ಒಂದು ಮಾತೇ ಇಲ್ಲ. ಈ ಎರಡು ಸ್ಕ್ಯಾನ್‌ಗೂ ಕ್ಯಾನ್ಸರ್‌ನ ಗುರುತು ಗೊತ್ತಿಲ್ಲ. ಹಳೆಯ ಸ್ಕ್ಯಾನ್‌ನಲ್ಲಿ ಚುಚ್ಚುವ, ವಿಕಿರಣ ಸೂಸುವ ಗ್ಯಾಲಿಯಂ-67 ದೇಹದೊಳಗೆ ಕಬ್ಬಿಣದ ಹಾಗೆ ನಡೆದುಕೊಳ್ಳುತ್ತದೆ. ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್‌ಗೆ ಅಂಟಿಕೊಂಡು ಹೋಗುತ್ತದೆ. ಪೆಟ್‌ನಲ್ಲಿ ಚುಚ್ಚುವ ಎಫ್‌ಡಿಜಿ ಅನ್ನುವ ವಿಕಿರಣ ವಸ್ತು ಸಕ್ಕರೆಯ ವೇಷದ್ದು. ಜೀವಕೋಶ ಅದನ್ನು ಗ್ಲೂಕೋಸ್ ಅಂತ ಒಳಗೆಳೆದುಕೊಳ್ಳುತ್ತದೆ, ಆಮೇಲೆ ಅರಗಿಸಲಾಗದೆ ಹಾಗೇ ಇಟ್ಟುಕೊಳ್ಳುತ್ತದೆ. ಯಾರಿಗೆ ಹಸಿವು ಜಾಸ್ತಿಯೋ ಅವರು ಹೊಳೆಯುತ್ತಾರೆ, ಅಷ್ಟೆ.

ಇದನ್ನು ಮೊದಲು ಹೇಳಿದರೆ ಉಳಿದದ್ದು ತಾನೇ ಬರುತ್ತದೆ. ಟಿಬಿಯ ಗಂಟೂ ಯಾಕೆ ಹೊಳೆಯುತ್ತದೆ? ಅಲ್ಲಿಯೂ ಸಕ್ಕರೆ ಉರಿಯುತ್ತಿರುತ್ತದೆ. ನಿಧಾನ ಬೆಳೆಯುವ ಕೆಲವು ಲಿಂಫೋಮಾಗಳು ಯಾಕೆ ಮಂಕಾಗಿ ಕಾಣುತ್ತವೆ? ಅವಕ್ಕೆ ಹಸಿವು ಕಮ್ಮಿ.

ಇನ್ನು ಚಳಿಯ ವಿಷಯ. ಕೊಡಗಿನವರಾಗಿ ಇದನ್ನು ಬಿಟ್ಟಿದ್ದೀರಲ್ಲ! ಕತ್ತು, ಹೆಗಲು, ಬೆನ್ನುಮೂಳೆಯ ಅಕ್ಕಪಕ್ಕ ಕಂದು ಕೊಬ್ಬು ಇರುತ್ತದೆ. ಮೈ ಬೆಚ್ಚಗಿಡಲು ಉರಿಯುವುದೇ ಅದರ ಕೆಲಸ. ಜನವರಿಯಲ್ಲಿ ಮಡಿಕೇರಿಯಿಂದ ನಸುಕಿನ ಬಸ್ಸು ಹತ್ತಿ, ನಡುಗುತ್ತಾ ಮೈಸೂರಿಗೆ ಸ್ಕ್ಯಾನ್‌ಗೆ ಹೋದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಆ ಕೊಬ್ಬು ಎಫ್‌ಡಿಜಿಯನ್ನು ಎಳೆದುಕೊಂಡು ಕತ್ತಿನ ಎರಡೂ ಕಡೆ ಹೊಳೆಯಬಹುದು. ಲಿಂಫೋಮಾ ಗಂಟುಗಳನ್ನು ಹುಡುಕುವುದೂ ಅಲ್ಲೇ, ಅಲ್ವಾ? ಅದಕ್ಕೇ ರೋಗಿಯನ್ನು ಬೆಚ್ಚಗೆ ಹೊದಿಸಿ ಕೂರಿಸುತ್ತಾರೆ. ಹೊಳೆದ ಜಾಗದಲ್ಲಿ ಗಂಟಿದೆಯೋ ಬರೀ ಕೊಬ್ಬೋ ಅಂತ ಸಿಟಿ ಚಿತ್ರ ಇಟ್ಟು ನೋಡುತ್ತಾರೆ. ಪೆಟ್ ಜೊತೆ ಸಿಟಿ ಯಾಕೆ ಬೇಕು ಅಂತ ನೀವು ಒಂದು ಪುಟ ಬರೆದಿದ್ದೀರಿ. ಈ ಒಂದು ಉದಾಹರಣೆ ಸಾಕಿತ್ತು. ಸ್ಕ್ಯಾನ್‌ಗೆ ಮುಂಚಿನ ಆರು ಗಂಟೆ ಉಪವಾಸದ ಮಾತನ್ನೂ ಇಲ್ಲೇ ಸೇರಿಸಿ. ಹಾಲು-ಸಕ್ಕರೆಯ ಬೆಳಗಿನ ಕಾಫಿಯೂ ನಡೆಯುವುದಿಲ್ಲ ಅಂದರೆ ನಮ್ಮೂರಿನವರು ಖಂಡಿತ ನೆನಪಿಟ್ಟುಕೊಳ್ಳುತ್ತಾರೆ.

ಅರ್ಧಾಯುಷ್ಯದ ಪಟ್ಟಿ ತೆಗೆದುಹಾಕಿ. ಗ್ಯಾಲಿಯಂ-67 ಅರ್ಧಕ್ಕಿಳಿಯಲು ಸುಮಾರು 78 ಗಂಟೆ, ಎಫ್‌ಡಿಜಿಯ ಫ್ಲೋರಿನ್-18ಕ್ಕೆ ಸುಮಾರು 110 ನಿಮಿಷ. ಬರೀ ಅಂಕಿ ಓದಿ ಯಾರಿಗೆ ಏನಾಗಬೇಕು? ಗ್ಯಾಲಿಯಂ ಚುಚ್ಚಿದ ಮೇಲೆ ಚಿತ್ರಕ್ಕೆ ಎರಡು ಮೂರು ದಿನ ಕಾಯಬೇಕು. ಸೋಮವಾರಪೇಟೆಯವರಾದರೆ ದೊಡ್ಡ ಊರಿಗೆ ಎರಡು ಸಲ ಓಡಾಡಬೇಕು, ಇಲ್ಲವೇ ಅಲ್ಲೇ ರೂಮು ಹಿಡಿಯಬೇಕು. ಗ್ಯಾಲಿಯಂ ಕರುಳಿನ ಮೂಲಕವೂ ಹೊರಗೆ ಹೋಗುವುದರಿಂದ ಹೊಟ್ಟೆಯ ಚಿತ್ರ ಗೊಂದಲವಾಗುತ್ತದೆ. ಎಫ್‌ಡಿಜಿ ಕೊಟ್ಟು ಸುಮಾರು ಒಂದು ಗಂಟೆಗೆ ಸ್ಕ್ಯಾನ್, ಸಂಜೆಗೆ ಮನೆ. ಹೀಗೆ ಬರೆಯಿರಿ.

ಹಂತಗಳಿಗೂ ಅಷ್ಟು ಜಾಗ ಬೇಡ. ರೋಗ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರದ) ಒಂದೇ ಬದಿಯಲ್ಲಿದ್ದರೆ 1 ಅಥವಾ 2, ಎರಡೂ ಬದಿಯಿದ್ದರೆ 3, ಲಿವರ್ ಅಥವಾ ಮೂಳೆಮಜ್ಜೆಗೆ ಹರಡಿದ್ದರೆ 4. ಡೋವಿಲ್ ಅಂಕಗಳು ಚಿಕಿತ್ಸೆಗೆ ರೋಗ ಎಷ್ಟು ಬಗ್ಗಿದೆ ಅಂತ ನೋಡಲಿಕ್ಕೆ. ಈ ಲೇಖನಕ್ಕೆ ಬೇಕಿಲ್ಲ.

ಒಂದು ಸಾಲಂತೂ ಅಪಾಯದ್ದು. “ಪೆಟ್ ಬಂದ ಮೇಲೆ ಬಯಾಪ್ಸಿ ಬೇಕಿಲ್ಲ” ಅಂದಿದ್ದೀರಿ. ತಪ್ಪು. ಗಂಟಿನ ತುಣುಕು ತೆಗೆದು ನೋಡದೆ ಲಿಂಫೋಮಾ ಅಂತ ಹೇಳಲಾಗದು, ಯಾವ ಬಗೆ ಅಂತಲೂ ತಿಳಿಯದು. ನೀವು ಓದಿದ್ದು ಬಹುಶಃ ಹಾಡ್ಜ್‌ಕಿನ್‌ನಲ್ಲಿ ಮೂಳೆಮಜ್ಜೆಯ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುವುದಿಲ್ಲ ಅನ್ನುವುದನ್ನು. ಅದು ಬೇರೆ ಮಾತು. ನಿಮ್ಮ ಸಾಲು ಓದಿ ಒಬ್ಬರು ಬಯಾಪ್ಸಿ ಬೇಡ ಅಂದರೆ ಹೊಣೆ ಯಾರು?

ಕೊನೆಯ ‘ವಿಜ್ಞಾನದ ಅದ್ಭುತ’ ಪ್ಯಾರಾ ಸುಮ್ನೆ ಬಂದಿದೆ, ಕತ್ತರಿಸಿ. ಈಗಿನ ಅರ್ಧ ಉದ್ದ ಸಾಕು. ತಿದ್ದಿದ ಮೇಲೆ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರೊಬ್ಬರಿಗೆ ಓದಿಸಿ, ಅವರು ಗುರುತು ಹಾಕಿದ ಪ್ರತಿಯನ್ನೂ ಜೊತೆಗೆ ಕಳಿಸಿ.

— ಸಂಪಾದಕ